ಎಂಟು ಎಂಬಿಯ ಬುತ್ತಿ

ನಮ್ಮ ಶಾಲೆಯ ಅಕ್ಕೋರ ನಿರೋಪದಲ್ಲಿ, ಅಂದರೆ ಬೀಳ್ಕೊಡುಗೆ ಸಮಾರಂಭದಲ್ಲಿ, ನನಗೆ ಎರಡು ನಿಮಿಷ ಕೊಟ್ಟಿದ್ದರು. ನಾನು ಹನ್ನೆರಡು ನಿಮಿಷ ಮಾತಾಡಿದೆ. ಅದರಲ್ಲಿ ಸಭೆ ಅತಿ ಹೆಚ್ಚು ನಕ್ಕ ಭಾಗವೇ ಸುಳ್ಳಾಗಿತ್ತು.

ಬೇಕೆಂದು ಹೇಳಿದ ಸುಳ್ಳಲ್ಲ. ಆರು ವರ್ಷಗಳಿಂದ ಅದನ್ನು ನಿಜವೆಂದೇ ನಂಬಿ, ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಪರೀಕ್ಷೆಗೆ ಕಾವಲು ಕೂತ ಕೊಠಡಿಗಳಲ್ಲಿ ಹೇಳಿಕೊಂಡು ಬಂದಿದ್ದೆ. ಅಕ್ಕೋರು ಒಂದು ಹಳ್ಳಿಯ ನೀರು ಬಿಡುವ ಪೆಟ್ಟಿಗೆಯಿಂದ ಗಡಿಯಾರವನ್ನೇ ತೆಗೆದುಹಾಕಿದರು, ಅದರಿಂದ ಊರೆಲ್ಲ ಗದ್ದಲವಾಯಿತು, ಕೊನೆಗೆ ತಪ್ಪು ಹಿಡಿದವನು ನಾನು. ಇಷ್ಟು ಕಥೆ. ಇದನ್ನು ಮೈಕಿನ ಮುಂದೆ ಅಭಿನಯ ಸಹಿತ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಶಾಂತಾಬಾಯಿ. ಅದೇ ಹಳ್ಳಿಯವಳು, ದಾಳಿಂಬೆ ತೋಟಗಳಲ್ಲಿ ಕೂಲಿ ಮಾಡುವವಳು. ಅಂದು ರಜೆ ಹಾಕಿ ಬಸ್ಸು ಹಿಡಿದು ಬಂದಿದ್ದಳು.

“ಸರ, ಗಡಿಯಾರ ತೆಗ್ದವ್ರು ನೀವಲ್ರೀ? ಆವತ್ತ ಪಂಚಾಯ್ತಿ ಮುಂದ ನೀವ ಹೇಳಿದ್ರಲ್ಲ, ತಪ್ಪ ನಂದು ಅಂತ!”

ಸಭೆ ಇನ್ನೂ ಜೋರಾಗಿ ನಕ್ಕಿತು. ನಾನು ವೇದಿಕೆಯ ಮೇಲಿದ್ದ ಅಕ್ಕೋರ ಕಡೆ ತಿರುಗಿದೆ. ಅವರು ತಮಗೆ ಹೊದಿಸಿದ್ದ ಶಾಲನ್ನು ಮಡಿಲಲ್ಲಿಟ್ಟು ನಾಲ್ಕು ಮಡಿಕೆ ಮಾಡುತ್ತಿದ್ದರು. ತಲೆ ಎತ್ತದೆ, “ಮುಂದ ಹೇಳ್ರಿ ಸರ, ಚಲೋ ನಡದೈತಿ” ಎಂದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ, ಹೆಸರು ಯಾಕೆ ಬೇಕು, ಇದರಿಂದ ಯಾರಿಗೆ ಏನು ಉಪಯೋಗ ಎಂದು ಕೇಳಿ ಹೊಡೆದುಹಾಕಿಸುತ್ತಾರೆ. ಮಹಾರಾಷ್ಟ್ರದ ಗಡಿಯೊಳಗಿನ ಜತ್ತಿನ ಒಂದು ತಾಂತ್ರಿಕ ಶಾಲೆಯಲ್ಲಿ ಇಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ಕಲಿಸುವ ಹೆಂಗಸರಿಗೆ ನಮ್ಮಲ್ಲಿ ಅಕ್ಕೋರು ಎನ್ನುತ್ತೇವೆ, ಮರಾಠಿ ಮಾತಾಡುವ ಹುಡುಗರು ಬಾಯಿ ಎನ್ನುತ್ತಿದ್ದರು. ಎರಡಕ್ಕೂ ಅವರು ತಿರುಗಿ ನೋಡುತ್ತಿದ್ದರು. ಮ್ಯಾಡಮ್ ಎಂದರೆ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ. ಕುಳ್ಳಗಿನ ಮೈಕಟ್ಟು, ಸದಾ ತಲೆಯ ಮೇಲೇರಿ ಕೂತಿರುವ ಕನ್ನಡಕ, ಸೆರಗಿನ ತುದಿಗೆ ಗಂಟು ಹಾಕಿಕೊಂಡ ಒಂದು ತುಂಡು ಬೆಸುಗೆ ತಂತಿ. ಯಂತ್ರ ಕೆಟ್ಟಾಗ ಮರಾಠಿಯಲ್ಲಿ ಬೈಯುತ್ತಿದ್ದರು, ಸರಿಹೋದಾಗ ಕನ್ನಡದಲ್ಲಿ ಹೊಗಳುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, “ತವರಮನಿ ಮಾತಿನ್ಯಾಗ ಬೈಯಾಕ ಮನಸ ಬರಂಗಿಲ್ರಿ” ಎಂದರು. ಹಾಗೆ ಹೇಳಿದರೆಂದು ನನ್ನ ನೆನಪು. ಆ ಸಮಾರಂಭದ ನಂತರ ನನ್ನ ನೆನಪಿನಿಂದ ಬಂದ ಯಾವ ವಾಕ್ಯಕ್ಕೂ ನಾನು ಜಾಮೀನು ನಿಲ್ಲುವುದಿಲ್ಲ.

ನಾನು ಪುಣೆಯಲ್ಲಿ ದೊಡ್ಡ ಪದವಿ ಮುಗಿಸಿ, ಎರಡು ಕೆಲಸ ಹಿಡಿದು, ಎರಡನ್ನೂ ಬಿಟ್ಟು, ಗುತ್ತಿಗೆಯ ಮೇಲೆ ಆ ಶಾಲೆಗೆ ಸೇರಿದ್ದೆ. ಮೂರು ತಿಂಗಳಲ್ಲಿ ಅಲ್ಲಿಂದಲೂ ಹೊರಡುವವನಿದ್ದೆ. ಏನನ್ನೂ ಸುಲಭಕ್ಕೆ ನಂಬದಿರುವುದೇ ಕಲಿತವನ ಲಕ್ಷಣ ಎಂದು ಆಗ ತಿಳಿದಿದ್ದೆ. ಅಕ್ಕೋರು ಇದನ್ನು ಮೊದಲ ವಾರದಲ್ಲೇ ಗುರುತಿಸಿದರು. “ಸರ, ನಿಮಗ ಉಪ್ಪು ಉಪ್ಪಗೈತಿ ಅನ್ನಾಕೂ ಇಬ್ಬರು ಸಾಕ್ಷಿ ಬೇಕು” ಎಂದು ಎಲ್ಲರೆದುರು ಹೇಳಿ, ತಮ್ಮ ಡಬ್ಬಿಯಿಂದ ಒಂದು ಕಡಕ್ ರೊಟ್ಟಿ ಮುರಿದು ಕೊಟ್ಟರು.

ನಮ್ಮ ಮೊದಲ ಜಗಳ ಒಂದು ಹಳೆಯ ವೈಫೈ ಪೆಟ್ಟಿಗೆಯ ಬಗ್ಗೆ. ಯಾರೋ ಎಸೆದದ್ದನ್ನು ಅವರು ತಂದು, ಮುಚ್ಚಳ ಬಿಚ್ಚಿ, ಒಳಗಿನ ಹಸಿರು ಹಲಗೆಯನ್ನು ಮೇಜಿನ ಮೇಲಿಟ್ಟಿದ್ದರು. ಅದೂ ಒಂದು ಪುಟ್ಟ ಕಂಪ್ಯೂಟರೇ. ಅದರೊಳಗೆ ಹೊಸ ಕಾರ್ಯವ್ಯವಸ್ಥೆ ತುಂಬಿದರೆ ಬೇರೆ ಕೆಲಸಕ್ಕೆ ಬರುತ್ತದೆ. ನಾನು ಹತ್ತು ನಿಮಿಷದಲ್ಲಿ ಅಂತರ್ಜಾಲದಿಂದ ಸಿದ್ಧವಾದದ್ದೊಂದನ್ನು ಇಳಿಸಿಕೊಂಡು ಹೆಮ್ಮೆಯಿಂದ ತೋರಿಸಿದೆ.

“ಇದನ್ನ ಕಟ್ಟಿದವ್ರು ಯಾರ್ರಿ?”

“ಯಾರೋ. ಗೊತ್ತಿಲ್ರಿ.”

“ಒಳಗ ಏನೇನೈತಿ?”

“ಎಲ್ಲಾ ಐತ್ರಿ.”

“ಎಲ್ಲಾ ಐತಿ ಅಂದ್ರ ಏನೈತಿ ಗೊತ್ತಿಲ್ಲ ಅಂದಂಗಾತು. ಉಪ್ಪಿಗಿ ಸಾಕ್ಷಿ ಕೇಳಾವ್ರು ಇದನ್ನ ಹೆಂಗ ನಂಬಿದ್ರಿ?”

ಮರುದಿನದಿಂದ ಮೂಲ ಬರಹದಿಂದಲೇ ಕಟ್ಟತೊಡಗಿದೆವು. ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು: ಇಂಥ ವ್ಯವಸ್ಥೆಯ ಮೂಲ ಬರಹ ಎಲ್ಲರಿಗೂ ತೆರೆದೇ ಇರುತ್ತದೆ. ಅದನ್ನು ತಂದು, ನಮ್ಮ ಯಂತ್ರಕ್ಕೆ ಯಾವ ಯಾವ ಭಾಗ ಬೇಕೆಂದು ಆರಿಸಿ, ಆಮೇಲೆ ಕಂಪೈಲ್ ಮಾಡಬೇಕು, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಬೇಕು. ಆರಿಸುವಾಗ ಪರದೆಯ ಮೇಲೆ ನೀಲಿ ಹಿನ್ನೆಲೆಯ ಪಟ್ಟಿ ಬರುತ್ತದೆ. ಸಾವಿರಾರು ಸಾಲು. ಪ್ರತಿ ಸಾಲಿನ ಮುಂದೆ ಒಂದು ಚೌಕ, ಬೇಕಾದರೆ ಅದರಲ್ಲಿ ಚುಕ್ಕಿ ಬೀಳಿಸುವುದು, ಬೇಡವಾದರೆ ಖಾಲಿ ಬಿಡುವುದು. ನಮ್ಮ ಹಲಗೆಯಲ್ಲಿ ಜಾಗ ಇದ್ದದ್ದು ಎಂಟು ಎಂಬಿ. ಇಂದಿನ ಮೊಬೈಲಿನ ಎರಡು ಫೋಟೋಗಳಿಗೂ ಸಾಲದಷ್ಟು ಜಾಗ. ಅದರೊಳಗೆ ಒಂದು ಇಡೀ ವ್ಯವಸ್ಥೆ ಕೂರಬೇಕು.

ಆ ಪಟ್ಟಿಯ ಮುಂದೆ ಅಕ್ಕೋರು ಕೂರುವ ರೀತಿ ನನಗೆ ಅರ್ಥವಾದದ್ದು ಗುಡ್ಡಾಪುರದ ದಾರಿಯಲ್ಲಿ. ಅವರು ವರ್ಷಕ್ಕೊಮ್ಮೆ ದಾನಮ್ಮನ ದರ್ಶನಕ್ಕೆ ಜತ್ತಿನಿಂದ ನಡೆದೇ ಹೋಗುತ್ತಿದ್ದರು. ಒಂದು ವರ್ಷ ನಾನೂ ಹೊರಟೆ, ಭಕ್ತಿಯಿಂದಲ್ಲ, ನಡೆಯುವವರ ಕಾಲುಗಳ ಬಗ್ಗೆ ಕುತೂಹಲದಿಂದ. ಹೊರಡುವ ಮೊದಲು ಅವರು ನನ್ನ ಚೀಲ ಬಿಚ್ಚಿಸಿದರು. ಒಂದೊಂದೇ ಸಾಮಾನು ಎತ್ತಿ ಹಿಡಿದು ಒಂದೇ ಪ್ರಶ್ನೆ:

“ಇದನ್ನ ಹೊರೋರು ಯಾರು?”

“ನಾನ ಹೊರತೀನ್ರಿ.”

“ಹೆಗಲನ್ನ ಕೇಳೀರೇನು?”

ಎರಡನೇ ಜೋಡಿ ಚಪ್ಪಲಿ ಹೊರಬಿತ್ತು. ದಪ್ಪ ಪುಸ್ತಕ ಹೊರಬಿತ್ತು. (ಪುಸ್ತಕವಲ್ಲ, ಛತ್ರಿ ಎಂದು ಅವರು ಹೇಳುತ್ತಾರೆ.) ಉಳಿದದ್ದು ರೊಟ್ಟಿ, ಶೇಂಗಾ ಚಟ್ನಿ, ನೀರು, ಒಂದು ಪಂಚೆ. ಅರ್ಧ ದಾರಿಯಲ್ಲಿ, ದೊಡ್ಡ ದೊಡ್ಡ ಚೀಲ ಹೊತ್ತವರು ಬೇವಿನ ಮರಗಳ ಕೆಳಗೆ ಕೂತು ಹೆಗಲು ಉಜ್ಜಿಕೊಳ್ಳುತ್ತಿದ್ದಾಗ ನಾನು ಕೈಬೀಸಿಕೊಂಡು ಮುಂದೆ ಹೋದೆ. ನೀಲಿ ಪಟ್ಟಿಯ ಮುಂದೆಯೂ ಅವರದು ಅದೇ ಪ್ರಶ್ನೆ. ಚಿತ್ರ ತೋರಿಸುವ ಭಾಗ? ಪೆಟ್ಟಿಗೆಗೆ ಪರದೆಯೇ ಇಲ್ಲ, ಹೊರೋರು ಯಾರು? ಧ್ವನಿಯ ಭಾಗ? ಹೊರೋರು ಯಾರು? ಎಂಟು ಎಂಬಿಯ ಬುತ್ತಿ ಕಟ್ಟುವುದು ಹೀಗೆ.

ಆದರೆ ಅವರು ಯಾವುದನ್ನೂ ತಮ್ಮ ಅಧಿಕಾರದಿಂದ ತೆಗೆಯುತ್ತಿರಲಿಲ್ಲ, ಹಾಕುತ್ತಲೂ ಇರಲಿಲ್ಲ. ಅವರ ಬಳಿ ನೀಲಿ ರಟ್ಟಿನ ಒಂದು ವಹಿ ಇತ್ತು. ಪ್ರತಿ ಪುಟದಲ್ಲಿ ಮೂರು ಅಂಕಣ: ಏನು, ಯಾಕೆ, ಯಾರು. ಯಾವ ಭಾಗ ಬೇಕೆಂದವರೂ, ಬೇಡವೆಂದವರೂ ಒಂದು ಸಾಲಿನಲ್ಲಿ ಕಾರಣ ಬರೆದು ಸಹಿ ಮಾಡಬೇಕು. ವಿದ್ಯಾರ್ಥಿಗಳಾದರೂ ಸರಿ, ಪ್ರಾಂಶುಪಾಲರಾದರೂ ಸರಿ. “ನೆನಪಿನ ಮ್ಯಾಲ ಕಟ್ಟಬ್ಯಾಡ್ರಿ. ನೆನಪು ತನಗ ಬೇಕಾದ್ದ ಹೊರತೈತಿ” ಎನ್ನುತ್ತಿದ್ದರು. ನಾನು ಈ ಮಾತನ್ನು ಬಹಳ ಮೆಚ್ಚಿದ್ದೆ. ಬೇರೆಯವರಿಗೆ ಅನ್ವಯವಾಗುವ ಮಾತುಗಳನ್ನು ನಾನು ಯಾವಾಗಲೂ ಮೆಚ್ಚುತ್ತೇನೆ.

ಪ್ರಯೋಗಶಾಲೆಯ ಕಂಪ್ಯೂಟರ್ ಮುದಿಯಾಗಿತ್ತು. ಕಂಪೈಲ್ ಶುರುಮಾಡಿದರೆ ಅಕ್ಷರಗಳು ಪರದೆಯ ಮೇಲೆ ಗಂಟೆಗಟ್ಟಲೆ ಓಡುತ್ತಿದ್ದವು. ಅಕ್ಕೋರು ಆ ಹೊತ್ತನ್ನು ರೊಟ್ಟಿಯಲ್ಲಿ ಅಳೆಯುತ್ತಿದ್ದರು. “ಇದು ಎರಡ ರೊಟ್ಟಿ ಕೆಲಸ”, “ಇವತ್ತ ಪೂರ್ತಿ ಮೊದಲಿಂದ ಕಟ್ಟೂದೈತಿ, ನಾಕ ರೊಟ್ಟಿ ಹಿಡಿತೈತಿ, ಚಟ್ನಿ ತಂದೀರೇನು?” ವಿದ್ಯಾರ್ಥಿಗಳೂ ಇದನ್ನೇ ಕಲಿತರು. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದಾಗ ಒಬ್ಬ ಹುಡುಗಿ ಬಹಳ ಗಂಭೀರವಾಗಿ, “ಮೂರು ರೊಟ್ಟಿ ಸರ್” ಎಂದಳು. ಅವರು ಅದನ್ನು ಬರೆದುಕೊಂಡರು.

ಕಂಪೈಲ್ ಮುರಿದುಬಿದ್ದಾಗ ಪರದೆಯ ತುಂಬ ದೋಷಗಳ ಸಾಲು ನಿಲ್ಲುತ್ತದೆ. ನಾವೆಲ್ಲ ಕೊನೆಯ ಸಾಲನ್ನು ಓದಿ ತಲೆ ಕೆರೆದುಕೊಳ್ಳುತ್ತಿದ್ದೆವು. ಅಕ್ಕೋರು ಮೇಲೆ, ಮೇಲೆ, ಇನ್ನೂ ಮೇಲೆ ಹೋಗಿ ಮೊದಲನೆಯದನ್ನು ಹುಡುಕುತ್ತಿದ್ದರು. “ಅಳೂ ಕೂಸಿನ ಕಡೀ ಮಾತ ಕೇಳಬ್ಯಾಡ್ರಿ. ಮೊದಲ ಎಲ್ಲಿ ಬಿತ್ತು, ಅದನ್ನ ಕೇಳ್ರಿ.” ಇದು ನಾನು ಪುಣೆಯಲ್ಲಿ ಎರಡು ವರ್ಷ ಕಲಿತದ್ದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಈಗ ನೀರಿನ ಪೆಟ್ಟಿಗೆಯ ವಿಷಯ. ಬಿಳೂರಿನ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಊರಿಗೆ ಒಂದೇ ನೀರಿನ ಟಾಕಿ, ಅದರಿಂದ ಓಣಿ ಓಣಿಗೆ ಸರದಿಯ ಮೇಲೆ ನೀರು. ಸಿದ್ರಾಮ ಎಂಬ ನೌಕರ ಕೈಯಲ್ಲಿ ಚಾವಿ ಹಿಡಿದು ಅಲ್ಲಲ್ಲಿ ಹೋಗಿ ಒಂದೊಂದೇ ವಾಲ್ವ್ ತಿರುಗಿಸಬೇಕು. ಮೇಲಿನ ಓಣಿ ಟಾಕಿಗೆ ಹತ್ತಿರ, ಆದ್ದರಿಂದ ಮೊದಲು ಅಲ್ಲಿ. ಮೊಣಕಾಲು ಹಿಡಿದುಕೊಂಡು ಅವನು ಕೆಳಗಿನ ಓಣಿ ಮುಟ್ಟುವಷ್ಟರಲ್ಲಿ ಹೊತ್ತು ಹನ್ನೊಂದು. ಆ ಓಣಿಯ ಹೆಂಗಸರು ಬೆಳಿಗ್ಗೆ ಪೌಣೆ ಏಳಕ್ಕೇ, ಅಂದರೆ ಆರೂಮುಕ್ಕಾಲಿಗೇ, ತೋಟದ ಟೆಂಪೋ ಹತ್ತಿ ಹೋಗಿರುತ್ತಾರೆ. ಸಂಜೆ ಬಂದು, ಅರ್ಧ ಕೊಡ ನೀರಿಗೆ ಮೇಲಿನ ಓಣಿಯ ಬಾಗಿಲುಗಳಲ್ಲಿ ನಿಲ್ಲಬೇಕು. ಶಾಂತಾಬಾಯಿಯ ಮಗಳು ಅಕ್ಕೋರ ವಿದ್ಯಾರ್ಥಿನಿ. ಹೊತ್ತಿಗೆ ಸರಿಯಾಗಿ ತಾನೇ ವಾಲ್ವ್ ತೆರೆಯುವ ಪೆಟ್ಟಿಗೆ ಮಾಡಲು ಬರುತ್ತದೆಯೇ ಎಂದು ಅವಳು ಕೇಳಿದ್ದೇ ತಡ, ಅಕ್ಕೋರು ಸಿದ್ರಾಮನ ಮೊಣಕಾಲಿನ ನೆಪ ಹಿಡಿದು ಪಂಚಾಯಿತಿಗೆ ಹೋದರು. ನಾನೂ ಹಿಂದೆ ಹೋದೆ.

ಪೆಟ್ಟಿಗೆಗೆ ಯಾರೂ ಬೇಡವೆನ್ನಲಿಲ್ಲ. ಮೊದಲ ಸರದಿ ಬೆಳಗಿನ ಐದೂವರೆಗೆ ಕೆಳಗಿನ ಓಣಿಗೆ ಎಂದಾಗ ಮಾತ್ರ ಮೇಲಿನ ಓಣಿಯ ಹಿರಿಯ ಮಲ್ಲಪ್ಪ ಕಾಕಾ ರುಮಾಲು ಸರಿಮಾಡಿಕೊಂಡರು.

“ಮೊದಲಿಂದ ನಮ್ದ ಮೊದಲು ಐತ್ರಿ.”

“ಹೌದ ಕಾಕಾ. ಹನ್ನೊಂದಕ್ಕ ನಿಮ್ಮ ಮನ್ಯಾಗ ಯಾರ ಇರ್ತಾರ?”

“ಎಲ್ಲಾರೂ ಇರ್ತೀವಿ.”

“ಕೆಳಗಿನ ಓಣ್ಯಾಗ?”

“ಅಲ್ಲಿ ಬೀಗ ಇರ್ತಾವು.”

“ಬೀಗ ನೀರ ತುಂಬತಾವೇನ್ರಿ?”

ಕಾಕಾನ ಸೊಸೆಯೇ ಬಾಗಿಲ ಹಿಂದಿನಿಂದ ಮೊದಲು ನಕ್ಕಳು. ಐದೂವರೆಯಿಂದ ಆರೂವರೆ ಕೆಳಗಿನ ಓಣಿಗೆ ಎಂದು ವಹಿಯಲ್ಲಿ ಬರೆದಾಯಿತು. ಕಾಕಾ ಸಹಿ ಮಾಡಲಿಲ್ಲ. “ಮೊದ್ಲ ಪೆಟಗಿ ನಡೀಲಿ, ಆಮ್ಯಾಲ ನೋಡೂನು” ಎಂದರು.

ಅದೇ ಹಳೆಯ ವೈಫೈ ಹಲಗೆಯನ್ನು ಅಕ್ಕೋರು ಇದಕ್ಕೆ ಹೂಡಿದರು. ಅಂಥ ಹಲಗೆಗಳಿಗೆ ಸ್ವಂತ ಗಡಿಯಾರ ಇರುವುದಿಲ್ಲ. ಕರೆಂಟು ಹೋಗಿ ಬಂದರೆ ಹೊತ್ತು ಮರೆತುಬಿಡುತ್ತವೆ. ಅದಕ್ಕೇ ಅವರು ಒಂದು ಪುಟ್ಟ ಗಡಿಯಾರದ ಚಿಪ್ ಅನ್ನು, ಗುಂಡಿಯಷ್ಟು ಬ್ಯಾಟರಿಯ ಸಮೇತ, ಬೆಸುಗೆ ಹಾಕಿ ಕೂರಿಸಿದರು. ಮೂರು ವಾರ ಕಟ್ಟಿದೆವು, ಕೆಡವಿದೆವು, ಕಟ್ಟಿದೆವು. ಮೊದಲ ಸಲ ಅದು ಎದ್ದೇಳಲಿಲ್ಲ. ನಾಲ್ಕನೇ ಸಲ ಎದ್ದು ಬಿತ್ತು. ಆರನೆಯದೋ ಏಳನೆಯದೋ ಸಲ ಪರದೆಯ ಮೇಲೆ ಸಾಲುಗಳು ಇಳಿದು, ಇಳಿದು, ಕೊನೆಗೆ ಒಂದು ಖಾಲಿ ಸಾಲಿನಲ್ಲಿ ಕರ್ಸರ್ ಮಿಣುಕುತ್ತ ನಿಂತಿತು. ನಮ್ಮ ಕೈಯಾರೆ ಕಟ್ಟಿದ್ದು ನಮ್ಮ ಆಜ್ಞೆಗೆ ಕಾದು ನಿಂತಿತ್ತು. ಅಕ್ಕೋರು ಕನ್ನಡಕ ತಲೆಯಿಂದ ಮೂಗಿಗೆ ಇಳಿಸಿ, “ಏನ್ ಚಂದ ನಿಂತೈತಿ ನೋಡ್ರಿ, ನನ ಬಂಗಾರ” ಎಂದರು. ಕನ್ನಡದಲ್ಲಿ.

ಪೆಟ್ಟಿಗೆಯನ್ನು ಟಾಕಿಯ ಕೆಳಗಿನ ಕೋಣೆಯಲ್ಲಿ ಕೂರಿಸಿ ಬಂದೆವು. ಮೊದಲ ಬೆಳಿಗ್ಗೆ ಐದೂವರೆಗೆ ಸರಿಯಾಗಿ ಕೆಳಗಿನ ಓಣಿಯ ನಳಗಳು ಕೆಮ್ಮಿದವು. ಟೆಂಪೋ ಬರುವಷ್ಟರಲ್ಲಿ ಎಲ್ಲರ ಹಂಡೆ ತುಂಬಿತ್ತು. ಶಾಂತಾಬಾಯಿ ಶಾಲೆಗೆ ಶೇಂಗಾ ಹೋಳಿಗೆ ಕಳಿಸಿದಳು.

ಹನ್ನೊಂದು ದಿನ ಕಳೆಯಿತು. ಹನ್ನೆರಡನೇ ದಿನ ಸಿದ್ರಾಮನ ಫೋನು.

“ಅಕ್ಕೋರ, ಮ್ಯಾಲಿನ ಓಣ್ಯಾಗ ಬೆಂಕಿ ಹತ್ತೈತ್ರಿ. ಪೆಟಗಿ ಕಿತ್ತ ಒಗೀತೀವಿ ಅಂತಾರ.”

“ನೀರ ಬರವಲ್ತೇನು?”

“ಬರ್ತಾವ್ರಿ. ಕರೆಂಟ್ ಬಂದಾಗೊಮ್ಮೆ ಬರ್ತಾವು. ಎಲ್ಲಾ ಕೆಳಗ ಹೊಕ್ಕಾವು!”

ಹೋಗಿ ನೋಡಿದರೆ ಹಾಗೇ ಇತ್ತು. ಆ ದಿನಗಳಲ್ಲಿ ಕರೆಂಟು ದಿನಕ್ಕೆ ನಾಲ್ಕೈದು ಸಲ ಹೋಗಿ ಬರುತ್ತಿತ್ತು. ಪ್ರತಿ ಸಲ ಬಂದ ಕೂಡಲೇ ಪೆಟ್ಟಿಗೆ ಮೇಲಿನ ಓಣಿಯನ್ನು ಮುಚ್ಚಿ ಕೆಳಗಿನ ಓಣಿಗೆ ನೀರು ಬಿಡುತ್ತಿತ್ತು. ಮಧ್ಯಾಹ್ನ ಎರಡಾದರೂ ಅಷ್ಟೇ, ಸಂಜೆ ಐದಾದರೂ ಅಷ್ಟೇ. ಕೆಳಗಿನ ಓಣಿಯಲ್ಲಿ ಹಗಲು ಮನೆಯಲ್ಲಿರುತ್ತಿದ್ದವಳು ಒಬ್ಬಳೇ, ಶಾಂತಾಬಾಯಿಯ ಅತ್ತೆ, ಹಲ್ಲಿಲ್ಲದ ಮುದುಕಿ. ನಳ ಕೆಮ್ಮಿದ ಕೂಡಲೇ ಅವಳು “ಬಂತು!” ಎಂದು ತನಗೆ ತಾನೇ ಕೂಗಿಕೊಂಡು, ಪೈಪು ಹಿಡಿದು ಅಂಗಳದಿಂದ ಅಂಗಳಕ್ಕೆ ಹೋಗಿ ಎಲ್ಲರ ಬ್ಯಾರಲ್ ತುಂಬುತ್ತಿದ್ದಳು. ಹನ್ನೊಂದು ದಿನ ಆ ಓಣಿಯ ಒಬ್ಬರೂ ಯಾರಿಗೂ ತುಟಿ ಬಿಚ್ಚಿರಲಿಲ್ಲ.

“ಹೇಳಬೇಕಿತ್ತಲ್ಲ ಅಜ್ಜಿ?” ಎಂದೆ.

“ದೇವರ ಕೊಟ್ಟಾಗ ಯಾಕ ಕೊಟ್ಟಿ ಅಂತ ಕೇಳಬೇಕೇನಪಾ?”

ಕಾರಣ ಹೀಗಿತ್ತು. ಇಂಥ ಯಂತ್ರಗಳು ಹೊತ್ತು ಗೊತ್ತಿಲ್ಲದಾಗ ಸಾವಿರದ ಒಂಬೈನೂರ ಎಪ್ಪತ್ತರ ಜನವರಿ ಒಂದು ಎಂದುಕೊಂಡು ಏಳುತ್ತವೆ. ಆ ದಿನದ ಮಧ್ಯರಾತ್ರಿ ಹನ್ನೆರಡರಿಂದ ಅವುಗಳ ಲೆಕ್ಕ ಶುರು. ಆದರೆ ಆ ಮಧ್ಯರಾತ್ರಿ ಲಂಡನ್ನಿನ ಕಡೆಯದು. ಅಲ್ಲಿ ಹನ್ನೆರಡಾದಾಗ ನಮ್ಮಲ್ಲಿ ಬೆಳಗಿನ ಐದೂವರೆ. ಹೀಗಾಗಿ ನಮ್ಮ ಪೆಟ್ಟಿಗೆಗೆ ಕರೆಂಟು ಬಂದಾಗಲೆಲ್ಲ ಬೆಳಗಾಗುತ್ತಿತ್ತು, ಬೆಳಗಾದಾಗಲೆಲ್ಲ ಕೆಳಗಿನ ಓಣಿಯ ಸರದಿ. ಗಡಿಯಾರದ ಚಿಪ್ ಹಲಗೆಯ ಮೇಲೆ ಸರಿಯಾಗಿಯೇ ನಡೆದಿತ್ತು. ಅದನ್ನು ಓದುವ ಭಾಗವನ್ನು ನಾವು ವ್ಯವಸ್ಥೆಯಲ್ಲಿ ಸೇರಿಸಿರಲಿಲ್ಲ. ಬುತ್ತಿ ಕಟ್ಟುವಾಗ ಅದನ್ನೇ ತೆಗೆದಿದ್ದೆವು.

ತೆಗೆದವರು ಅಕ್ಕೋರು. ಇದು ನನ್ನ ಕಣ್ಣಿಗೆ ಕಟ್ಟಿದಂತಿತ್ತು: ಫ್ಯಾನಿನ ಕಿರ್ ಸದ್ದು, ನೀಲಿ ಪಟ್ಟಿ, ಆ ಸಾಲಿನ ಮೇಲೆ ಅವರ ಬೆರಳು ಗುಂಡಿ ಒತ್ತಿದ್ದು, ಚುಕ್ಕಿ ಮಾಯವಾದದ್ದು. ಈ ಚಿತ್ರದ ಬಲದ ಮೇಲೆ ನಾನು ಆರು ವರ್ಷ ಕಥೆ ಹೇಳಿದ್ದೆ.

ಮರುದಿನ ಪಂಚಾಯಿತಿಯ ಮುಂದೆ ಎರಡೂ ಓಣಿ ಸೇರಿದವು. “ಪೆಟಗಿ ತಗೊಂಡ ಹೋಗ್ರಿ, ಮೊದಲಿನಂಗ ಸಿದ್ರಾಮನ ಕೈಲೆ ಬಿಡಸ್ತೀವಿ” ಎಂದರು ಮಲ್ಲಪ್ಪ ಕಾಕಾ. ಹಾಗಾದರೆ ಮತ್ತೆ ಹನ್ನೊಂದು ಗಂಟೆ, ಮತ್ತೆ ಬೀಗ. ಶಾಂತಾಬಾಯಿ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ನಿಂತಿದ್ದಳು. ನಾನು ಎದ್ದು ಏನೋ ಹೇಳಿದೆ. ಐದೂವರೆಯ ಗುಟ್ಟು ವಿವರಿಸಿದೆನೆಂದು ನನ್ನ ನೆನಪು. ಆಮೇಲೆ ಅಕ್ಕೋರು ಎದ್ದರು.

“ಗಡಿಯಾರ ಹಾಕಿ ಕೊಡ್ತೀವ್ರಿ. ಇನ್ನ ಹಿಂಗ ಆಗಂಗಿಲ್ಲ. ಆದ್ರ ಗಡಿಯಾರನೂ ಒಂದ ದಿನ ಸಾಯ್ತೈತಿ. ಬ್ಯಾಟ್ರಿ ತೀರತೈತಿ. ಆವತ್ತ ಪೆಟಗಿಗಿ ಹೊತ್ತ ಗೊತ್ತಿರಂಗಿಲ್ಲ. ಆವಾಗ ಮೊದಲ ಯಾರಿಗಿ ಬಿಡಬೇಕು? ಇದನ್ನ ನೀವ ಹೇಳ್ರಿ, ನಾ ಬರೀತೀನಿ.”

“ಯಾವಾಗಿದ್ರೂ ಮ್ಯಾಲಿನವ್ರಿಗಿ” ಎಂದಿತು ಒಂದು ದನಿ.

“ಕಾಕಾ, ನಿಮ್ಮ ಮನಿ ಮ್ಯಾಲಿನ ಟಾಕಿ ತುಂಬಿದ್ರ ಎಷ್ಟ ದಿನ ತಡೀತೈತಿ?”

“ಎರಡ ದಿನಕ್ಕ ಕಾಳಜಿಲ್ಲ.”

“ಶಾಂತಾಬಾಯಿ, ನಿಮ್ಮ ಕೊಡ?”

“ಮುಂಜಾನಿ ತುಂಬಿದ್ದು ಸಂಜಿಗಿ ಖಾಲಿ ರೀ.”

“ಹಂಗಾರ ಗಡಿಯಾರ ಸತ್ತ ದಿನ ಹೊರೋರು ಯಾರು?”

ಕಾಕಾ ತಂಬಾಕಿನ ಚೀಲ ತೆಗೆದರು. ಸುಣ್ಣ ಹಚ್ಚಿದರು, ತಿಕ್ಕಿದರು, ಬಾಯಿಗೆ ಹಾಕಿದರು. ಅಷ್ಟು ಹೊತ್ತು ಎರಡೂ ಓಣಿ ಅವರ ಬೆರಳನ್ನೇ ನೋಡುತ್ತಿದ್ದವು.

“ಟಾಕಿ ಇದ್ದಾವ್ರು ಹೊರತೀವಿ. ಬರ್ಕೋರಿ. ಎಲ್ಲೈತಿ ಸಹಿ ಮಾಡೂ ಜಾಗಾ?”

ಹೀಗೆ ಪೆಟ್ಟಿಗೆ ಉಳಿಯಿತು. ಆರು ವರ್ಷ ಕೆಳಗಿನ ಓಣಿಯ ಐದೂವರೆ ತಪ್ಪಲಿಲ್ಲ. ನಾನೂ ಮೂರು ತಿಂಗಳಲ್ಲಿ ಬಿಡಬೇಕಿದ್ದ ಕೆಲಸ ಬಿಡಲಿಲ್ಲ.

ನಿರೋಪದ ದಿನ ಪೇಢೆ ಹಂಚಿ ಮುಗಿದ ಮೇಲೆ ಅಕ್ಕೋರು ನೀಲಿ ವಹಿಯನ್ನು ನನ್ನ ಕೈಗಿಟ್ಟರು. “ಶಾಂತಾಬಾಯಿನ್ನೂ ನಂಬಬ್ಯಾಡ್ರಿ, ನನ್ನೂ ನಂಬಬ್ಯಾಡ್ರಿ. ತಗದ ನೋಡ್ರಿ.” ನಾನು ತೆಗೆಯಲಿಲ್ಲ. ಕಪಾಟಿನಲ್ಲಿಟ್ಟೆ. ಉಪ್ಪಿಗೆ ಸಾಕ್ಷಿ ಕೇಳುವವನಿಗೆ ತನ್ನ ನೆನಪಿಗೆ ಸಾಕ್ಷಿ ಬೇಡವಾಗಿತ್ತು.

ಎರಡು ತಿಂಗಳ ನಂತರ ಮುಂಗಾರಿಗೆ ಮೊದಲಿನ ಒಂದು ಗುಡುಗು ಮಳೆಯಲ್ಲಿ ಸಿಡಿಲು ಬಡಿದು ಹಲಗೆ ಸುಟ್ಟುಹೋಯಿತು. ಸಿದ್ರಾಮ ಮತ್ತೆ ಚಾವಿ ಹಿಡಿದ. ಅವನ ಮೊಣಕಾಲು ಇನ್ನೂ ಆರು ವರ್ಷ ಹಳೆಯದಾಗಿತ್ತು. ಕೆಳಗಿನ ಓಣಿಗೆ ನೀರು ಈಗ ಹನ್ನೊಂದಕ್ಕಲ್ಲ, ಹನ್ನೆರಡಕ್ಕೆ.

“ಸರ, ಎಷ್ಟ ದಿನ ಹಿಡಿತೈತ್ರಿ?” ಶಾಂತಾಬಾಯಿ ಫೋನಿನಲ್ಲಿ ಕೇಳಿದಳು.

“ಎರಡ ದಿನ.”

ನನಗೆ ಎಲ್ಲ ನೆನಪಿತ್ತಲ್ಲ. ಅದೇ ಜಾತಿಯ ಇನ್ನೊಂದು ಹಳೆಯ ಹಲಗೆ ಹುಡುಕಿ, ಚಿಪ್ ಬೆಸೆದು, ನೆನಪಿನಿಂದಲೇ ಪಟ್ಟಿ ತುಂಬಿ ಕಟ್ಟಿದೆ. ಏಳಲಿಲ್ಲ. ಮತ್ತೆ ಕಟ್ಟಿದೆ. ಎದ್ದಿತು, ಬಿತ್ತು. ನಾಲ್ಕನೇ ದಿನ ನನ್ನ ಡಬ್ಬಿಯ ರೊಟ್ಟಿಯೂ ಮುಗಿದು, ನಾಚಿಕೆಯೂ ಮುಗಿದು, ಕಪಾಟಿನಿಂದ ವಹಿ ತೆಗೆದೆ. ಮೊದಲ ಪುಟದಿಂದ ಸಾಲು ಸಾಲಾಗಿ ಬೆರಳಿಟ್ಟು ಬಂದೆ. ಏನು, ಯಾಕೆ, ಯಾರು. ಧ್ವನಿಯ ಭಾಗ ಬೇಡ, ಪೆಟ್ಟಿಗೆ ಮಾತಾಡುವುದಿಲ್ಲ, ಒಬ್ಬ ವಿದ್ಯಾರ್ಥಿನಿಯ ಸಹಿ. ನಡುವೆ ಒಂದು ಪುಟದಲ್ಲಿ:

ಏನು: ಗಡಿಯಾರ ಓದುವ ಭಾಗ, ಬೇಡ. ಯಾಕೆ: ಜಾಗ ಸಾಲದು. ಮೊಬೈಲಿನಲ್ಲಿ ನೋಡಲು ಪುಟ ಬೇಕು. ಸಮಯ ನೆಟ್‌ವರ್ಕಿನಿಂದ ಸಿಗುತ್ತದೆ. ಯಾರು:

ಕೆಳಗೆ ಬಾಲ ತಿರುವಿದ ದೊಡ್ಡ ಸಹಿ. ನನ್ನದು.

ಆಗ ಆ ಚಿತ್ರದ ಉಳಿದ ಅರ್ಧ ತೆರೆದುಕೊಂಡಿತು, ಅಥವಾ ತೆರೆದುಕೊಂಡಿತೆಂದು ನಾನು ಈಗ ಅಂದುಕೊಂಡಿದ್ದೇನೆ. ಮೊಬೈಲಿನಲ್ಲಿ ನೀರಿನ ಸರದಿ ಕಾಣುವ ಬಣ್ಣದ ಪುಟವೊಂದನ್ನು ಮಾಡಿದ್ದವನು ನಾನು. ಅದಕ್ಕೆ ಚೂರು ಜಾಗ ಸಾಲದಾದಾಗ, ಗಡಿಯಾರ ಯಾಕೆ, ಟವರು ಇದೆಯಲ್ಲ ಎಂದವನು ನಾನು. ಕರೆಂಟು ಹೋದರೆ ಟವರೂ ಸತ್ತು ಬೀಳುತ್ತದೆಂದು ತಿಳಿಯದವನೂ ನಾನೇ. ಗುಂಡಿ ಒತ್ತಿದ ಬೆರಳು ಅವರದು, ಒತ್ತಿಸಿದ ಮಾತು ನನ್ನದು. ನೆನಪು ಬೆರಳನ್ನಷ್ಟೇ ಇಟ್ಟುಕೊಂಡು ಮಾತನ್ನು ದಾರಿಯಲ್ಲಿ ಇಳಿಸಿತ್ತು. ಪಂಚಾಯಿತಿಯ ಮುಂದೆ ನಾನೇ ಎದ್ದು ತಪ್ಪು ನನ್ನದೆಂದು ಒಪ್ಪಿಕೊಂಡದ್ದನ್ನೂ ಇಳಿಸಿತ್ತು. ನಾನು ಮಾಡಿದ್ದ ಒಂದೇ ಒಳ್ಳೆಯ ಕೆಲಸ ಶಾಂತಾಬಾಯಿಯ ನೆನಪಿನಲ್ಲಿ ಆರು ವರ್ಷ ಸುರಕ್ಷಿತವಾಗಿತ್ತು. ಪ್ರಯೋಗಶಾಲೆಯಲ್ಲಿ ಒಬ್ಬನೇ ಕೂತು ಜೋರಾಗಿ ನಕ್ಕೆ.

ನನ್ನ ಸಹಿಯ ಕೆಳಗೆ, ಪೆನ್ಸಿಲಿನಲ್ಲಿ, ಅಕ್ಕೋರ ಸಣ್ಣ ಅಕ್ಷರದಲ್ಲಿ ಇನ್ನೂ ಒಂದು ಸಾಲಿತ್ತು. ‘ಹೊತ್ತು ಸಿಗದಿದ್ದರೆ ಐದೂವರಿ. ಕೆಳಗಿನ ಓಣಿ. ಇರಲಿ, ನೋಡೂನು.’ ಅದಕ್ಕೆ ತಾರೀಖು ಇರಲಿಲ್ಲ.

ಮುಂದಿನ ಪುಟದಲ್ಲಿ, ಮಲ್ಲಪ್ಪ ಕಾಕಾನ ಸಹಿಯ ಜೊತೆ, ಗಡಿಯಾರ ಓದುವ ಭಾಗ ಮತ್ತೆ ಸೇರಿತ್ತು. ವಹಿ ಹೇಳಿದಂತೆ ಕಟ್ಟಿದೆ. ಒಂದೇ ಸಲಕ್ಕೆ ಎದ್ದು ನಿಂತಿತು.

ಪೆಟ್ಟಿಗೆ ಹೊತ್ತು ಊರಿಗೆ ಹೋದಾಗ ಹಗಲು ಹನ್ನೊಂದು. ಮೇಲಿನ ಓಣಿಗೆ ನೀರು ಬಿಟ್ಟಿತ್ತು, ಮಲ್ಲಪ್ಪ ಕಾಕಾನ ಮನೆಯ ಟಾಕಿ ಅರ್ಧ ತುಂಬಿತ್ತು. ತಂತಿ ಜೋಡಿಸಿ ಕರೆಂಟು ಕೊಟ್ಟೆ. ಗಡಿಯಾರಕ್ಕೆ ಇನ್ನೂ ಹೊತ್ತು ಹಾಕಿರಲಿಲ್ಲ. ಪೆಟ್ಟಿಗೆ ಒಂದು ಕ್ಷಣ ಯೋಚಿಸಿದಂತೆ ಸುಮ್ಮನಿದ್ದು, ಮೋಟರು ಗುಂಯ್‌ಗುಟ್ಟಿಸಿ, ಮೇಲಿನ ವಾಲ್ವ್ ಮುಚ್ಚಿ ಕೆಳಗಿನದನ್ನು ತೆರೆಯಿತು. ಅಲ್ಲಿಂದ ಒಂದು ಹಲ್ಲಿಲ್ಲದ ದನಿ ಕೇಳಿಸಿತು: “ಬಂತು!”

ನಾನು ಗಾಬರಿಯಾಗಿ ಕಾಕಾನ ಮುಖ ನೋಡಿದೆ. ಅವರ ನಳ ಒಣಗಿತ್ತು.

“ತಡೀರಿ ಕಾಕಾ, ಹೊತ್ತ ಹಾಕತೀನಿ, ಈಗ ನಿಮಗ ಬರ್ತೈತಿ.”

“ಗಡಿಬಿಡಿ ಬ್ಯಾಡ” ಎಂದರು ಕಾಕಾ, ಕಟ್ಟೆಯ ಮೇಲೆ ಕುಂಡೆ ಊರಿ. “ಮುದುಕಿ ಬ್ಯಾರಲ್ ತುಂಬಿಕೋಲಿ. ನಂದ ಸಹಿ ಐತಿ ಅದರಾಗ.”

ಅಲ್ಲೇ ಬೇವಿನ ನೆರಳಲ್ಲಿ ನಿಂತು ಅಕ್ಕೋರಿಗೆ ಫೋನು ಮಾಡಿದೆ. ಪೆಟ್ಟಿಗೆ ಎದ್ದಿತು ಎಂದೆ. ತಪ್ಪು ನನ್ನದೇ ಎಂದೆ. ಆಮೇಲೆ ಕೇಳಿದೆ:

“ಅಕ್ಕೋರ, ಆ ಪೆನ್ಸಿಲ್ ಸಾಲು ಯಾವಾಗ ಬರದ್ರಿ? ಪೆಟಗಿ ಕೂರಸೂ ಮೊದ್ಲೋ, ಗದ್ದಲ ಆದ ಮ್ಯಾಲೋ? ಐದೂವರಿ ಆಗ್ತೈತಿ ಅಂತ ನಿಮಗ ಮೊದ್ಲ ಗೊತ್ತಿತ್ತೇನು?”

ಆ ಕಡೆ ಕಡಕ್ ರೊಟ್ಟಿ ಮುರಿದ ಸದ್ದಾಯಿತು. ನಿಧಾನವಾಗಿ ಅಗಿಯುವ ಸದ್ದು.

“ಎರಡರಾಗ ಯಾವ್ದ ಬೇಕ ಅದನ್ನ ಇಟ್ಕೋರಿ ಸರ” ಎಂದರು. “ಹೊರೋರು ನೀವ.”